ನೀಲಗಂಗವ್ವನ ಇಪ್ಪತ್ತು ಸೆಕೆಂಡು

ಗದಗಿನ ಜನ ಒಬ್ಬರಿಗೊಬ್ಬರು ಕರೆ ಮಾಡಿದಾಗ ಮೊದಲ ಇಪ್ಪತ್ತು ಸೆಕೆಂಡು ಏನನ್ನೂ ಹೇಳುವುದಿಲ್ಲ ಎಂಬುದನ್ನು ಕಂಡುಹಿಡಿದವರು ಚನ್ನವೀರಪ್ಪ ಹೊಂಬಳ ಎಂಬ ಇಂಜಿನಿಯರು. ಜನ ಬಾಯಿ ಮುಚ್ಚಿಕೊಂಡಿರುತ್ತಾರೆ ಎಂದಲ್ಲ. ಬಾಯಿ ತುಂಬ ಮಾತಾಡುತ್ತಾರೆ. ಆರಾಮ ಅದೀರೇನ್ರಿ, ಮನ್ಯಾಗ ಎಲ್ಲಾರೂ ಆರಾಮೇನ್ರಿ, ಊಟ ಆತೇನ್ರಿ, ಆ ಕಡೆ ಮಳಿ ಹೆಂಗ್ರಿ, ಮೊಣಕಾಲು ನೋವು ಕಡಿಮಿ ಆತೇನ್ರಿ ಎಂದು ಒಂದೇ ಉಸಿರಿಗೆ ಕೇಳುತ್ತಾರೆ. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಕೇಳಿಸಿಕೊಂಡವರು ಉತ್ತರ ಕೊಡುವುದೂ ಇಲ್ಲ, ಅವೇ ಪ್ರಶ್ನೆಗಳನ್ನು ಹೊಳ್ಳಿ ಕೇಳುತ್ತಾರೆ. ಇದೆಲ್ಲ ಒಂದು ಸುತ್ತು ಮುಗಿದ ಮೇಲೆ "ಅಂದಂಗ, ಯಾಕ ಮಾಡಿದ್ದೆ ಅಂದ್ರ" ಎಂದು ವಿಷಯಕ್ಕೆ ಬರುತ್ತಾರೆ.

ಬೇರೆ ಯಾವ ಕಾಲವಾದರೂ ಇದು ಯಾರಿಗೂ ಬೇಕಾಗದ ಶೋಧವಾಗುತ್ತಿತ್ತು. ಆದರೆ ಆ ಕಾಲಕ್ಕೆ, ಪ್ರತಿ ಜಿಲ್ಲೆಯೂ ತಾನು ಹುಟ್ಟಿಸಿದಷ್ಟೇ ವಿದ್ಯುತ್ತನ್ನು ಬಳಸಬೇಕು ಎಂಬ ಕಾನೂನು ಬಂದಿತ್ತು. ಗದಗ ಜಿಲ್ಲೆಗೆ ಗುಡ್ಡದ ಮೇಲಿನ ಗಾಳಿಯಂತ್ರಗಳೇ ಗತಿ. ಗಾಳಿ ಬೀಸಿದರೆ ಊರಿಗೆ ಊರೇ ಸಾಹುಕಾರರ ಮನೆಯಂತೆ ಬೆಳಗುತ್ತಿತ್ತು. ಗಾಳಿ ಬಿದ್ದ ದಿನ ಹಿಟ್ಟಿನ ಗಿರಣಿಯ ಮುಂದೆ ಜೋಳದ ಚೀಲಗಳು ಸಾಲುಗಟ್ಟಿ ಕೂರುತ್ತಿದ್ದವು.

ಮನೆ ಮನೆಗೂ ಗೋಡೆಯಲ್ಲಿ ಒಂದು ಮಾತಿನ ಪೆಟ್ಟಿಗೆ ಇತ್ತು. ಹಿಡಿಯನ್ನು ಕೆಳಗೆಳೆದು, ಯಾರ ಮನೆ ಎಂದು ಹೇಳಿ, ಮಾತು ಶುರು ಮಾಡಿದರೆ ಆಯಿತು. ಆ ಮನೆಯ ಪೆಟ್ಟಿಗೆ ಗಂಟೆ ಬಡಿದು, ಕರೆದವರ ಹೆಸರು ತೋರಿಸಿ, ತಾನೇ ಬಾಯಿ ತೆರೆಯುತ್ತಿತ್ತು. ಹಿಡಿ ಮೇಲೆತ್ತಿದರೆ ಮಾತು ಮುಗಿಯಿತು. ಈ ಎಲ್ಲ ಪೆಟ್ಟಿಗೆಗಳ ತಂತಿಗಳೂ ಊರ ಹೊರಗಿನ ಜಾಲಭವನಕ್ಕೆ ಬಂದು, ಮನೆಗೊಂದರಂತೆ ಪೋರ್ಟು ಎಂಬ ಸಣ್ಣ ಸಣ್ಣ ದ್ವಾರಗಳಿಗೆ ಸೇರುತ್ತಿದ್ದವು. ಪೋರ್ಟಿನ ಸ್ವಭಾವ ಹೇಗೆಂದರೆ, ಮಾತು ಇರಲಿ ಬಿಡಲಿ, ಅದು ತಂತಿಯುದ್ದಕ್ಕೂ "ನಾನಿದ್ದೇನೆ, ನಾನಿದ್ದೇನೆ" ಎಂದು ಸಂಕೇತ ಕಳಿಸುತ್ತಲೇ ಇರಬೇಕು. ಯಾರೂ ಬಾರದ ಬಾಗಿಲಲ್ಲಿ ಕಾವಲುಗಾರ ದಿನವಿಡೀ ನಿಂತು ಕೂಗಿದ ಹಾಗೆ. ಕೂಗಿಗೂ ಕೂಳು ಬೇಕು. ಜಿಲ್ಲೆಯ ಪೋರ್ಟುಗಳೆಲ್ಲ ಸೇರಿ ಸುಮ್ಮನೆ ಕೂಗಲು ತಿನ್ನುವ ವಿದ್ಯುತ್ತಿನಲ್ಲಿ ಹಿಟ್ಟಿನ ಗಿರಣಿಗಳೆಲ್ಲ ನಡೆಯಬಹುದಾಗಿತ್ತು.

ಆದ್ದರಿಂದ ಮಾತಿಲ್ಲದ ಪೋರ್ಟುಗಳನ್ನು ಮಲಗಿಸುವ ವ್ಯವಸ್ಥೆ ಬಂತು. ಒಂದು ಗೆರೆ ಅಪ್ಪಣೆ ಬರೆದರೆ ಪೋರ್ಟು ಮಲಗುತ್ತದೆ, ಕರೆ ಬಂದಾಗ ಏಳುತ್ತದೆ. ತೊಡಕು ಒಂದೇ. ನಿದ್ದೆ ಆಳವಾದಷ್ಟೂ ಉಳಿತಾಯ ಹೆಚ್ಚು, ಏಳುವುದೂ ಅಷ್ಟೇ ತಡ. ಅದು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಈ ಕಡೆಯವರು ಆಡಿದ ಮಾತು ಗಾಳಿಗೆ ಹೋಗುತ್ತದೆ. ಆ ಮಾತನ್ನು ಎಲ್ಲಾದರೂ ಹಿಡಿದಿಟ್ಟು ಆಮೇಲೆ ಕೊಡಬಹುದಲ್ಲ ಎಂದರೆ, ಹಿಡಿದಿಡುವವನೊಬ್ಬ ಎಚ್ಚರ ಇರಬೇಕು, ಅವನಿಗೂ ವಿದ್ಯುತ್ತು ಬೇಕು. ಬೇರೆ ಜಿಲ್ಲೆಗಳಲ್ಲಿ ಮೂರು ಸೆಕೆಂಡಿನ ನಿದ್ದೆ ಇಟ್ಟಿದ್ದಕ್ಕೇ ಜನ ಕಚೇರಿಯ ಮುಂದೆ ಬಂದು ಕುಳಿತರು.

ಚನ್ನವೀರಪ್ಪನವರು ಇಪ್ಪತ್ತು ಸೆಕೆಂಡು ಇಟ್ಟರು. ಆಸ್ಪತ್ರೆ, ಬೆಂಕಿ ನಂದಿಸುವವರು, ಪೊಲೀಸರು, ಸೂಲಗಿತ್ತಿಯರು, ಇವರ ಪೋರ್ಟುಗಳನ್ನು ಮಾತ್ರ ಎಚ್ಚರ ಬಿಟ್ಟು, ಉಳಿದ ಇಡೀ ಜಿಲ್ಲೆಯನ್ನು ಆಳವಾದ ನಿದ್ದೆಗೆ ಹಾಕಿದರು. ಒಂದು ದೂರೂ ಬರಲಿಲ್ಲ.

ಈ ಇಪ್ಪತ್ತನ್ನು ಅವರು ಅಳೆದದ್ದು ಪ್ರಯೋಗಶಾಲೆಯಲ್ಲಲ್ಲ, ತಮ್ಮ ಅಡುಗೆಮನೆಯಲ್ಲಿ. ನಿದ್ದೆಯ ವ್ಯವಸ್ಥೆ ಜಾರಿಗೆ ಬರುವ ಮೊದಲಿನ ಮಾತು ಅದು. ಹೆಂಡತಿ ನೀಲಗಂಗವ್ವ ರೊಟ್ಟಿ ಬಡಿಯುತ್ತ ಗೋಡೆಯ ಪೆಟ್ಟಿಗೆಯಲ್ಲಿ ಮಾತಾಡುತ್ತಿದ್ದರೆ ಇವರು ಕೈಯಲ್ಲಿ ಗಡಿಯಾರ ಹಿಡಿದು ಎದುರಿಗೆ ಕೂತಿದ್ದರು.

"ಏನ್ ಹಿಡ್ಕೊಂಡು ಕುಂತೀರಿ ಅದನ್ನ?" ಎಂದಿದ್ದರು ಆಕೆ.

"ನಿನ್ನ ಮಾತು ಅಳ್ಯಾಕತ್ತೀನಿ."

"ಇಷ್ಟು ವರ್ಷ ಕೇಳಲಿಲ್ಲ, ಈಗ ಅಳೀತೀರಿ?"

"ಸುದ್ದಿ ಎಲ್ಲಿ ಚಾಲೂ ಆಗ್ತದ ನೋಡಾಕತ್ತೀನಿ. ಆರಾಮೇನ್ರಿ, ಊಟ ಆತೇನ್ರಿ, ಇದರಾಗೇನೂ ಸುದ್ದಿ ಇಲ್ಲ."

"ಇಲ್ಲಂತ ನಿಮಗ ಯಾರು ಹೇಳ್ಯಾರ?" ಎಂದು ಆಕೆ ರೊಟ್ಟಿ ತಿರುವಿ ಹಾಕಿದರು.

ಹಾಲು ಹಾಕುವವನ ಜೊತೆ ಆಕೆ ಬಹಳ ಚುಟುಕಾಗಿ ಮಾತಾಡುತ್ತಿದ್ದರು. ಅದರಲ್ಲೂ ವಿಷಯಕ್ಕೆ ಬರಲು ಇಪ್ಪತ್ತು ಸೆಕೆಂಡು ಬೇಕಾಯಿತು. ಅತಿ ಕಡಿಮೆಯದನ್ನೇ ಹಿಡಿದರೆ ಯಾರ ಮಾತೂ ಕೆಡುವುದಿಲ್ಲ ಎಂದು ಚನ್ನವೀರಪ್ಪನವರು ಅದನ್ನೇ ಆಯ್ದರು. ನರೇಗಲ್ಲಿನಲ್ಲಿದ್ದ ಆಕೆಯ ಅಣ್ಣನ ಜೊತೆಗಿನ ಮಾತನ್ನೂ ಅಳೆಯಲು ನೋಡಿ ಕೈಬಿಟ್ಟಿದ್ದರು. ಅಣ್ಣತಂಗಿ ಅರ್ಧ ತಾಸು ಮಾತಾಡಿದರೂ ವಿಷಯ ಬಂದಿರಲೇ ಇಲ್ಲ.

ನಿದ್ದೆಯ ವ್ಯವಸ್ಥೆ ಜಾರಿಗೆ ಬರುವ ಹೊತ್ತಿಗೆ ನೀಲಗಂಗವ್ವ ಇರಲಿಲ್ಲ. ಜ್ವರವೆಂದು ಮಲಗಿದವರು ಏಳಲಿಲ್ಲ.

ಊರಿಗೆ ಮಾತ್ರ ಹೊಸ ನಿದ್ದೆಯಿಂದ ಒಳ್ಳೆಯದೇ ಆಯಿತು. ಗಿರಣಿಗಳು ಗಾಳಿ ಬಿದ್ದ ದಿನವೂ ನಡೆದವು. ಯಾರೂ ಎಣಿಸದ ಒಂದು ಲಾಭವೂ ಬಂತು, ಪೆಟ್ಟಿಗೆಯ ಮೇಲಿನ ಜಗಳಗಳು ಕಡಿಮೆಯಾದವು. ಜಗಳಕ್ಕೆಂದೇ ಹಿಡಿ ಎಳೆದವರು ಕ್ಷೇಮ ಕೇಳುತ್ತ ಕೂರುವುದಿಲ್ಲ, ಕಾದ ಮಾತುಗಳನ್ನು ಮೊದಲೇ ಸುರಿಯುತ್ತಾರೆ. ಆ ಮಾತುಗಳನ್ನೆಲ್ಲ ಮಲಗಿದ ಪೋರ್ಟು ನುಂಗಿಬಿಡುತ್ತಿತ್ತು. ಎದುರಿನವರಿಗೆ ಕೇಳುತ್ತಿದ್ದದ್ದು ಏದುಸಿರು ಮತ್ತು ಕೊನೆಯ "ಹೋಗ್ಲಿ ಬಿಡ್ರಿ" ಮಾತ್ರ. ಮಾರುಕಟ್ಟೆಯ ಮೆಣಸಿನಕಾಯಿ ದಲಾಲರೊಬ್ಬರು ದರ ಬಿಟ್ಟು ಬೇರೆ ಮಾತಾಡದವರು. ಅವರು ಬುದ್ಧಿವಂತರು, ಹಿಡಿ ಎಳೆದ ಕೂಡಲೇ ಕಣ್ಣು ಮುಚ್ಚಿ "ಓಂ ನಮಃ ಶಿವಾಯ" ಎಂದು ಹೇಳುತ್ತಾ ಹೋಗಿ ಆಮೇಲೆ ದರ ಹೇಳುವುದನ್ನು ರೂಢಿಸಿಕೊಂಡರು. ದಿನಕ್ಕೆ ನೂರು ಕರೆ. ಅವರಿಗೆ ಭಕ್ತಿ ಬಂದಿದೆಯೆಂದು ಮನೆಯವರು ಮಠಕ್ಕೆ ಎಣ್ಣೆ ಕೊಟ್ಟು ಬಂದರು. ವರ್ಷ ಕಳೆಯುವುದರಲ್ಲಿ ನಿಜವಾಗಿಯೂ ಬಂದಿತ್ತೆಂದು ಕಾಣುತ್ತದೆ, ಯಾಕೆಂದರೆ ತೂಕದಲ್ಲಿ ಮೋಸ ಮಾಡುವುದನ್ನು ಅವರು ಬಿಟ್ಟರು.

ಇಂಥ ಜಿಲ್ಲೆಯಲ್ಲಿ ವಿಷಯ ಬಿಟ್ಟು ಬೇರೆ ಮಾತಾಡದ ಇನ್ನೊಬ್ಬ ಮನುಷ್ಯನಿದ್ದ. ಅದು ಸ್ವತಃ ಚನ್ನವೀರಪ್ಪನವರು.

ಅವರ ಮಾತು ಟೆಲಿಗ್ರಾಂ ಬಂದ ಹಾಗೆ ಎಂದು ನೀಲಗಂಗವ್ವ ನಗುತ್ತಿದ್ದರು. ಹೇಳುವುದನ್ನು ಹೇಳಿ ಹಿಡಿ ಎತ್ತಿಬಿಡುವುದು, ಎದುರಿನವರು ಹ್ಞೂಂ ಅಂದರೋ ಇಲ್ಲವೋ ನೋಡುವುದಿಲ್ಲ. ಇದರಲ್ಲಿ ಸೊಕ್ಕೇನೂ ಇರಲಿಲ್ಲ. ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡುವ ಮನುಷ್ಯ, ಮಾತು ಮಿತವಾಗಿದ್ದಷ್ಟೂ ಪಾಪ ಕಡಿಮೆ ಎಂದು ನಂಬಿದವರು. ಮನೆಯ ಮಾತುಕತೆಯನ್ನೆಲ್ಲ ಹೆಂಡತಿಯೇ ನೋಡಿಕೊಳ್ಳುತ್ತಿದ್ದುದರಿಂದ ಅವರ ಮಿತಮಾತು ಯಾರಿಗೂ ತಟ್ಟಿರಲಿಲ್ಲ, ಒಂದು ಸಲ ಹೊರತು.

ಅದು ನೀಲಗಂಗವ್ವನ ಅಣ್ಣ ಶಿವಬಸಪ್ಪನವರು ನರೇಗಲ್ಲಿನಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ. ಪಂಕ್ತಿಯಲ್ಲಿ ಊರೆಲ್ಲ ಕೂತು ಹೋಳಿಗೆ ಉಣ್ಣುತ್ತಿತ್ತು. ಶಿವಬಸಪ್ಪನವರು ತುಪ್ಪದ ಗಿಂಡಿ ಹಿಡಿದು ಬಂದು, "ಮನಿ ಹೆಂಗನಿಸ್ತ್ರಿ?" ಎಂದು ಕೇಳಿದರು. ಚನ್ನವೀರಪ್ಪನವರು ತುತ್ತು ನುಂಗಿ, "ಮೆಟ್ಟಿಲು ಸೊಟ್ಟ ಅದಾವ" ಎಂದರು. ಉಂಡವರೆಲ್ಲ ಕೈ ತೊಳೆದು ಮೆಟ್ಟಿಲು ನೋಡಲು ಹೋದರು. ಮೆಟ್ಟಿಲು ಸೊಟ್ಟವೇ ಇದ್ದವು. ಶಿವಬಸಪ್ಪನವರು ಅವತ್ತೇ, "ಇನ್ನ ನನ್ನ ಹೊಸ್ತಿಲು ತುಳೀಬ್ಯಾಡ್ರಿ, ನಮ್ಮ ಮೆಟ್ಟಿಲಾಗ ಎಡವೀರಿ ಮತ್ತ" ಎಂದುಬಿಟ್ಟರು. ತಂಗಿಯ ಮೇಲಿನ ಅಕ್ಕರೆ ಹಾಗೇ ಉಳಿಯಿತು, ಪೆಟ್ಟಿಗೆಯಲ್ಲಿ ದಿನವೂ ಮಾತು ನಡೆಯಿತು. ತಂಗಿಯ ಮಣ್ಣಿಗೂ ಬಂದು ಅತ್ತು ಹೋದರು. ತಂಗಿಯ ಗಂಡನ ಮುಖ ಮಾತ್ರ ನೋಡಲಿಲ್ಲ.

ನೀಲಗಂಗವ್ವ ಕೊನೆಯ ದಿನಗಳಲ್ಲಿ ಗಂಡನ ಕೈ ಹಿಡಿದು ಒಂದೇ ಒಂದು ಮಾತು ಕೇಳಿಕೊಂಡಿದ್ದರು. "ನನ್ನ ವರ್ಷದ ಗಣಾರಾಧನಿಗೆ ಅಣ್ಣನ್ನ ನೀವ ಕರೀಬೇಕು. ನಿಮ್ಮ ಬಾಯಿಲೆ ಕರೀಬೇಕು. ತವರಿನವರು ಕೂಡದ ಪಂಕ್ತಿ ಎಂಥ ಪಂಕ್ತಿರಿ?"

ಈಗ ವರ್ಷ ತುಂಬುತ್ತ ಬಂದಿತ್ತು, ಆಕೆಯ ನೆನಪಿನ ಊಟಕ್ಕೆ ದಿನ ಗೊತ್ತಾಗಿತ್ತು. ಬಂಧುಬಳಗಕ್ಕೆಲ್ಲ ಚನ್ನವೀರಪ್ಪನವರ ತಂಗಿಯ ಮಗ ಮನೆಮನೆಗೆ ಹೋಗಿ ಹೇಳಿದ. ಉಳಿದದ್ದು ನರೇಗಲ್ಲ ಒಂದೇ. ಹೊಸ್ತಿಲು ತುಳಿಯುವಂತಿಲ್ಲ, ಬೇರೆಯವರ ಬಾಯಲ್ಲಿ ಹೇಳಿಸುವಂತಿಲ್ಲ. ಚನ್ನವೀರಪ್ಪನವರು ಪೂಜೆ ಮುಗಿಸಿ, ವಿಭೂತಿ ಹಚ್ಚಿದ ಹಣೆಯಲ್ಲೇ ಪೆಟ್ಟಿಗೆಯ ಮುಂದೆ ನಿಂತು ಹಿಡಿ ಎಳೆದರು.

"ಬರೂ ಬುಧವಾರ ನೀಲಗಂಗಾಳ ವರ್ಷದ ಗಣಾರಾಧನಿ. ಮನ್ಯಾಗ ಎಲ್ಲಾರೂ ಬರಬೇಕು."

ಹಿಡಿ ಎತ್ತಿದರು. ಎದುರಿನಿಂದ ಏನೂ ಕೇಳಿಸಲಿಲ್ಲ, ಸಿಟ್ಟಿನವರು ಏನು ಹೇಳುತ್ತಾರೆ ಎಂದುಕೊಂಡರು. ಮನಸ್ಸು ತಡೆಯದೆ ಎರಡು ದಿನ ಬಿಟ್ಟು ಮತ್ತೆ ಹೇಳಿದರು, ಆಮೇಲೆ ಇನ್ನೊಮ್ಮೆ. ಮೂರನೆಯ ಸಲ "ದಯಮಾಡಿ" ಎಂಬ ಒಂದು ಪದವನ್ನೂ ಸೇರಿಸಿದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

ಸೋಮವಾರ ತಂಗಿಯ ಮಗ ನರೇಗಲ್ಲಿನ ಸಂತೆಯಿಂದ ಸುದ್ದಿ ತಂದ. "ಮಾವಾ, ಶಿವಬಸಪ್ಪಜ್ಜ ಸಿಟ್ಟಾಗ್ಯಾರ. ಮೂರು ಸಲ ಗಂಟಿ ಬಾರಿಸಿ ಮಾತಾಡದ ಇಟ್ರಂತಲ್ಲ ನೀವು? ಪೆಟ್ಟಿಗ್ಯಾಗ ನಿಮ್ಮ ಹೆಸರು ಬರ್ತತಂತ, ಯಾರ್ರಿ ಅಂದ್ರ ಯಾರೂ ಇಲ್ಲಂತ. ತಂಗಿ ಸತ್ತಾಳಂತ ಅಣಕ ಮಾಡ್ತಾನೇನಪ್ಪಾ ಹೊಂಬಳ, ಅಂತ ಬಾಜಾರದಾಗ ನಿಂತು ಕೇಳಿದ್ರು."

ಚನ್ನವೀರಪ್ಪನವರ ಮುಖ ಕಪ್ಪಿಟ್ಟಿತು. "ಕೇಳಿಸಿಕೊಂಡು ಹಿಂಗಂತಾರ. ಬರೂ ಮನಸಿಲ್ಲ, ಅದಕ್ಕ" ಎಂದು ಒಳಗೆ ಹೋಗಿ ಕೂತರು. ಅಡುಗೆಮನೆಯಲ್ಲಿ ಆಕೆಯ ಉಪ್ಪಿನಕಾಯಿಯ ಭರಣಿ ಇತ್ತು. ಆಕೆ ಹಾಕಿಟ್ಟ ಕೊನೆಯ ಭರಣಿ. ಅದರ ಮೇಲೆ ಬೆಳ್ಳಗೆ ಬೂಷ್ಟು ಕಟ್ಟಿದ್ದು ಅವತ್ತೇ ಕಣ್ಣಿಗೆ ಬಿತ್ತು. ಮುಚ್ಚಳ ಹಾಕಿ ಬಟ್ಟೆ ಕಟ್ಟಿ ಮೂಲೆಗಿಟ್ಟರು. ಚೆಲ್ಲಲು ಕೈ ಬರಲಿಲ್ಲ.

ಮಾರನೆಯ ದಿನ, ಗಣಾರಾಧನೆಯ ಹಿಂದಿನ ದಿನ, ಜಾಲಭವನಕ್ಕೆ ರಾಜ್ಯ ಜಾಲ ಮಂಡಳಿಯ ನಿರ್ದೇಶಕಿ ಪದ್ಮಿನಿ ಬರುವವರಿದ್ದರು. ಮೈಸೂರಿನ ಕಡೆಯವರು. ಇಪ್ಪತ್ತು ಸೆಕೆಂಡು ಮಲಗಿಸಿದರೂ ದೂರು ಕೊಡದ ಜನ ಯಾವ ತರದವರು, ಇದನ್ನೇ ಇಡೀ ರಾಜ್ಯಕ್ಕೆ ಹಾಕಬಹುದೇ ಎಂದು ನೋಡಲು ಬಂದಿದ್ದರು. ಅವರ ಬಸ್ಸು ಬೇಗ ಬಂತು. ಜಾಲಭವನಕ್ಕೆ ಬೀಗ. ಚನ್ನವೀರಪ್ಪನವರು ತಮ್ಮ ಎಂದಿನ ಹೊತ್ತಿಗೆ ಬಂದರು. ಕಿರಿಯ ಇಂಜಿನಿಯರು ರೇಷ್ಮಾ ನದಾಫ ಅವರಿಗಿಂತ ತಡವಾಗಿ, ಬುತ್ತಿ ಚೀಲ ಬೀಸುತ್ತ ಬಂದಳು.

"ರೇಷ್ಮಾ, ನಿನ್ನೆ ಮುಂಜಾನಿ ಹೇಳಿದ್ದೆ ನಿನಗ," ಎಂದರು ಚನ್ನವೀರಪ್ಪನವರು. "ಎಂಟಕ್ಕ ಬಾ, ಬೀಗ ತಗಿ, ನಿರ್ದೇಶಕರು ಬರ್ತಾರ ಅಂತ."

"ನನಗ ಹೇಳಿದ್ರೀ ಸರ್?" ರೇಷ್ಮಾ ಕಣ್ಣರಳಿಸಿದಳು. "ನಿನ್ನೆ ನಮ್ಮನಿ ಗಂಟಿ ಬಡೀತ್ರಿ. ನಿಮ್ಮ ಹೆಸರು ಬಂತು. ಹೇಳ್ರಿ ಸರ್ ಅಂದೆ, ಯಾರೂ ಇಲ್ಲ. ನಮ್ಮವ್ವ, ನಿಮ್ಮ ಸರ್ ಕೈ ತಗಲಿರಬೇಕು ಬಿಡು ಅಂದ್ಳು."

"ಸ್ಪಷ್ಟ ಹೇಳೀನಿ."

"ನಾನೂ ನಿಮಗೆ ಎರಡು ಸಲ ಹೇಳಿದೆನಲ್ಲ, ಹೊಂಬಳ ಅವರೇ," ಎಂದರು ಪದ್ಮಿನಿ, ಕೈಗಡಿಯಾರ ನೋಡುತ್ತ. "ಬಸ್ ಸ್ಟ್ಯಾಂಡಿನಿಂದ ಬೆಳಿಗ್ಗೆನೇ ನಿಮ್ಮ ಮನೆಗೆ ಮಾಡಿದ್ದೆ. ಬಂದಿದೀನಿ, ಬೇಗ ಬನ್ನಿ ಅಂತ. ನೀವು ಬರಲಿಲ್ಲ."

ಚನ್ನವೀರಪ್ಪನವರು ಗೊಂದಲಗೊಂಡರು. "ಗಂಟಿ ಎರಡು ಸಲ ಬಡೀತ್ರಿ, ಖರೆ. ನಾ ಪೂಜಿಗೆ ಕುಂತಿದ್ದೆ. ಆದ್ರ ಗಂಟಿ ಬಡದ ಮ್ಯಾಲ ಯಾರೂ ಮಾತಾಡ್ಲಿಲ್ಲ."

"ಮಾತಾಡಿಯೇ ಇಟ್ಟೆ. ನಾನು ವಿಷಯ ಹೇಳಿ ಇಟ್ಟುಬಿಡೋಳು. ಸುಮ್ಮನೆ ಎಳೆಯೋದು ನನಗೆ ಆಗಲ್ಲ."

"ನಾನೂ ಅಷ್ಟರಿ," ಎಂದರು ಚನ್ನವೀರಪ್ಪನವರು. ತಮ್ಮಂಥವರೊಬ್ಬರು ಸಿಕ್ಕಿದ್ದಕ್ಕೆ ಅವರಿಗೆ ಒಂದು ಕ್ಷಣ ಸಮಾಧಾನವೇ ಆಯಿತು.

ರೇಷ್ಮಾ ಇಬ್ಬರ ಮುಖವನ್ನೂ ನೋಡಿದಳು. ನಗು ತಡೆಯಲು ಬುತ್ತಿ ಚೀಲವನ್ನು ಬಾಯಿಗೆ ಒತ್ತಿಕೊಂಡಳು. "ಸರ್, ಸಿಟ್ಟಾಗಬ್ಯಾಡ್ರಿ. ಪೋರ್ಟು ಮಲಗಿರ್ತೈತ್ರಿ. ಇಪ್ಪತ್ತು ಸೆಕೆಂಡು ಬೇಕು ಏಳಾಕ. ನಿಮ್ಮ ಮಾತು ಐದು ಸೆಕೆಂಡು. ಮೇಡಂದು ನಾಕು. ಅದು ಎದ್ದು ಗಂಟಿ ಬಡಿಯೂದರಾಗ ನೀವು ಇಟ್ಟು ಹೋಗಿರ್ತೀರಿ."

ಆ ವ್ಯವಸ್ಥೆಯನ್ನು ಕಟ್ಟಿದ ಮನುಷ್ಯನಿಗೆ ಇದು ಹೇಗೆ ಹೊಳೆಯಲಿಲ್ಲ ಎಂದು ಯಾರಾದರೂ ಕೇಳಬಹುದು. ಜಾಲಭವನದ ಲೈನಿಗೆ ನಿದ್ದೆಯ ನಿಯಮವಿರಲಿಲ್ಲ. ದುರಸ್ತಿಯ ಕೆಲಸಕ್ಕೆಂದು, ಅಲ್ಲಿಂದ ಕರೆದರೆ ಎಂಥ ಪೋರ್ಟೂ ಆ ಕ್ಷಣವೇ ಏಳುತ್ತಿತ್ತು. ಚನ್ನವೀರಪ್ಪನವರು ವರ್ಷವಿಡೀ ಮಾತಾಡಿದ್ದು ಆ ಲೈನಿನಲ್ಲೇ. ಮನೆಯಲ್ಲಿ ಮಾತಾಡುವವರು ಹೋದ ಮೇಲೆ, ನರೇಗಲ್ಲಿಗೆ ಮಾಡುವವರೆಗೆ ಅವರು ಮನೆಯಿಂದ ಯಾರಿಗೂ ಕರೆ ಮಾಡಿರಲಿಲ್ಲ.

ಅವರು ನಿಧಾನವಾಗಿ ಕುರ್ಚಿಯ ಮೇಲೆ ಕೂತರು. "ಹಂಗಾರ ಅಣ್ಣಾರಿಗೆ ಒಂದ ಮಾತೂ ಮುಟ್ಟಿಲ್ಲ," ಎಂದರು. "ಮೂರು ಸಲ ಗಂಟಿ ಬಾರಿಸಿ ಓಡಿ ಹೋದಂಗಾತು. ಸಣ್ಣ ಹುಡುಗರು ಕದಾ ಬಡದು ಓಡ್ತಾವಲ್ಲ, ಹಂಗ."

ಪದ್ಮಿನಿಯವರಿಗೆ ನರೇಗಲ್ಲಿನ ಮೂರು ಕರೆಗಳ ಕಥೆ ಹೇಳಬೇಕಾಯಿತು. ಅವರು ಕೇಳಿದ ಮೊದಲ ಪ್ರಶ್ನೆ ನಿರ್ದೇಶಕರು ಕೇಳುವಂಥದ್ದೇ. "ಈ ಇಪ್ಪತ್ತು ಸೆಕೆಂಡು ಎಷ್ಟು ಜನರನ್ನು ಅಳೆದು ಇಟ್ಟಿದ್ದು?"

"ಒಬ್ಬಾಕಿನ್ನ."

"ಇಡೀ ಜಿಲ್ಲೆಗೆ ಒಬ್ಬರೇ? ಸಾಕಾಯಿತಾ?"

"ಸಾಕಾಗಿತ್ತು," ಎಂದರು ಚನ್ನವೀರಪ್ಪನವರು.

ಪದ್ಮಿನಿ, "ಅವರನ್ನ ನೋಡಬಹುದಾ?" ಎಂದರು.

"ನಾಳೆ ಅಕೀದ ವರ್ಷದ ಊಟ ಐತ್ರಿ. ಬರ್ರಿ."

ರೇಷ್ಮಾ ಜಾಲಭವನದ ಪೆಟ್ಟಿಗೆಯ ಕಡೆ ಕೈ ತೋರಿಸಿದಳು. "ಸರ್, ಇಲ್ಲಿಂದ ಮಾಡ್ರಿ. ನೆಟ್ಟಗ ಹೋಗ್ತೈತಿ."

"ಇದು ಸರ್ಕಾರದ ಲೈನು. ನಿಮ್ಮವ್ವಗ ಇದರಾಗ ಮಾತಾಡಿದಿ ಅಂತ ನಿನಗ ಬೈದಿಲ್ಲೇನು ನಾನು?"

"ಬೈದೀರ್ರಿ. ಎರಡು ಸಲ."

"ಹಾಗಾದರೆ ನರೇಗಲ್ಲಿನ ಆ ಒಂದು ಪೋರ್ಟಿಗೆ ನಿದ್ದೆ ತೆಗೆದುಬಿಡಿ," ಎಂದರು ಪದ್ಮಿನಿ. "ಒಂದು ಗೆರೆ ಅಪ್ಪಣೆ. ಇವತ್ತಿಗೆ ಮಾತ್ರ. ನಾನೇ ಅನುಮತಿ ಕೊಡ್ತೀನಿ."

ಚನ್ನವೀರಪ್ಪನವರು ಪರದೆಯ ಮುಂದೆ ಕೂತು ಶಿವಬಸಪ್ಪನವರ ಮನೆಯ ಪೋರ್ಟನ್ನು ಹುಡುಕಿದರು. ಪಕ್ಕದಲ್ಲಿ ಅದರ ಸ್ಥಿತಿ ಬರೆದಿತ್ತು, ಮಲಗಿದೆ. ಅಪ್ಪಣೆಯ ಗೆರೆಯನ್ನು ಪೂರ್ತಿ ಬರೆದು, ಒತ್ತಬೇಕಾದ ಕೀಲಿಯ ಮೇಲೆ ಬೆರಳಿಟ್ಟು ಕೂತರು. ಆಮೇಲೆ ಒಂದೊಂದೇ ಅಕ್ಷರವಾಗಿ ಅಳಿಸಿದರು.

"ಇಡೀ ಜಿಲ್ಲೆ ಅಕಿ ಅಳತೀಲೆ ಮಾತಾಡ್ತತಿ," ಎಂದರು. "ಅಕಿ ಅಣ್ಣನ ಮನಿ ಒಂದಕ್ಕ ಅದನ್ನ ತಗೀಲೇನು?"

"ಮತ್ತ ಹೆಂಗ್ರಿ ಸರ್?"

"ಇಪ್ಪತ್ತು ಸೆಕೆಂಡು ಮಾತಾಡಬೇಕು. ಕಲಿಸು."

ಅಂದು ಮಧ್ಯಾಹ್ನ ಜಾಲಭವನದಲ್ಲಿ ನಡೆದ ಪಾಠ ಅಲ್ಲಿನ ಯಾವ ದಾಖಲೆಯಲ್ಲೂ ಇಲ್ಲ. ಪದ್ಮಿನಿಯವರೂ ಸೆರಗು ಬಿಗಿದು ವಿದ್ಯಾರ್ಥಿನಿಯಾಗಿ ಕೂತರು. ಸಂಜೆ ಬಸ್ಸಿಗೆ ಜಾಗ ಕಾಯ್ದಿರಿಸಲು ಬಸ್ ಸ್ಟ್ಯಾಂಡಿನವರಿಗೆ ಹೇಳಬೇಕಾಗಿತ್ತು ಅವರಿಗೂ. ರೇಷ್ಮಾ ಗಡಿಯಾರ ಹಿಡಿದು ನಿಂತಳು.

"ಚೆನ್ನಾಗಿದೀರಾ? ಊಟ ಆಯ್ತಾ? ಸರಿ, ವಿಷಯ ಏನಂದ್ರೆ," ಎಂದರು ಪದ್ಮಿನಿ.

"ಮೂರು ಸೆಕೆಂಡು, ಮೇಡಂ."

"ಇನ್ನೇನು ಕೇಳಲಿ? ಅವರು ಯಾರೋ ನನಗೆ ಗೊತ್ತೇ ಇಲ್ಲ."

"ಗೊತ್ತಿಲ್ಲ ಅಂದ್ರ ಇನ್ನೂ ಛಲೋ ಆತ್ರಿ. ಯಾ ಊರವರ್ರಿ, ಮಕ್ಕಳೆಷ್ಟ್ರಿ, ದೊಡ್ಡಾಕಿಗೆ ಎಲ್ಲಿ ಕೊಟ್ಟೀರಿ, ಅಲ್ಲೇ ಒಂದು ನಿಮಿಷ ಹೋಗ್ತೈತ್ರಿ. ಈಗ ಸರ್, ನೀವು."

ಚನ್ನವೀರಪ್ಪನವರು ಗಂಟಲು ಸರಿ ಮಾಡಿಕೊಂಡರು. "ಆರಾಮ ಅದೀರೇನ್ರಿ. ಇಲ್ಲಂದ್ರ ಡಾಕ್ಟರಿಗೆ ತೋರಿಸ್ರಿ."

"ತೋರಿಸ್ರಿ ಅನಬಾರದ್ರಿ ಸರ್. ಆರಾಮ ಅದೀರೇನ್ರಿ ಅಂದು ಮುಂದ ಹೋಗಬೇಕು. ಮುಂದ?"

"ಮನಿ ಹೆಂಗೈತ್ರಿ. ಮೆಟ್ಟಿಲು..."

"ಮೆಟ್ಟಿಲ ಹೆಸರು ಎತ್ತಬ್ಯಾಡ್ರಿ!"

"ಮತ್ತೇನು ಕೇಳ್ಲಿ? ಅವರ ಮನ್ಯಾಗ ನನಗ ಗೊತ್ತಿದ್ದದ್ದು ಅದೊಂದ."

"ಎಮ್ಮಿ ಅದಾವಿಲ್ರಿ? ಎಮ್ಮಿ ಕೇಳ್ರಿ. ಮಳಿ ಕೇಳ್ರಿ. ಊಟ ಕೇಳ್ರಿ."

"ಅವರು ಉಂಡಿದ್ದು ತಿಳಕೊಂಡು ನಾ ಏನ್ ಮಾಡ್ಲಿ?"

"ಏನೂ ಮಾಡೂದಿಲ್ರಿ," ಎಂದಳು ರೇಷ್ಮಾ. "ಸುಮ್ನ ಕೇಳೂದು."

ಎಷ್ಟು ಎಳೆದರೂ ಅವರ ಮಾತು ಏಳು ಸೆಕೆಂಡಿಗಿಂತ ಮುಂದೆ ಹೋಗಲಿಲ್ಲ. ಪದ್ಮಿನಿ ಹನ್ನೊಂದಕ್ಕೆ ಬಂದರು, ಅದೂ ಎರಡು ಸಲ ಊಟ ಕೇಳಿ. ಬಸ್ಸಿನ ಜಾಗ ಸಿಗದ್ದರಿಂದ ಅವರು ಗದಗಿನಲ್ಲೇ ಉಳಿದರು.

ಸಂಜೆ ಚನ್ನವೀರಪ್ಪನವರು ಮನೆಗೆ ಬಂದು ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿದರು. ನೀಲಗಂಗವ್ವನ ಪಟದ ಮುಂದೆಯೂ ಒಂದು ಹಚ್ಚಿದರು. ನಾಳೆಯ ಅಡುಗೆಗೆ ತಂದ ಕುಂಬಳಕಾಯಿಗಳು ಪಡಸಾಲೆಯಲ್ಲಿ ಕೂತಿದ್ದವು. ಗಡಿಯಾರವನ್ನು ಎಡಗೈಯಲ್ಲಿ ಹಿಡಿದು, ಶಿವನಾಮ ನೆನೆದು, ಹಿಡಿ ಎಳೆದರು. ನರೇಗಲ್ಲಿನ ಮನೆಯ ಹೆಸರು ಹೇಳಿದರು.

"ಅಣ್ಣಾರ, ಆರಾಮ ಅದೀರೇನ್ರಿ. ಮನ್ಯಾಗ ಎಲ್ಲಾರೂ ಆರಾಮೇನ್ರಿ. ಊಟ ಆತೇನ್ರಿ. ಮಳಿ ಆತೇನ್ರಿ. ಎಮ್ಮಿ ಆರಾಮ ಅದಾವೇನ್ರಿ."

ಏಳು ಸೆಕೆಂಡು. ಕಲಿತದ್ದು ಅಲ್ಲಿಗೆ ಮುಗಿಯಿತು.

ಪೆಟ್ಟಿಗೆಯಲ್ಲಿ ಸದ್ದಿಲ್ಲ. ನರೇಗಲ್ಲಿನ ಪೋರ್ಟು ಇನ್ನೂ ಮಲಗಿದೆ, ಈಗ ಏನು ಹೇಳಿದರೂ ಅದು ಯಾರಿಗೂ ಮುಟ್ಟುವುದಿಲ್ಲ ಎಂಬುದು ಜಗತ್ತಿನಲ್ಲಿ ಅವರಿಗೆ ಗೊತ್ತಿದ್ದಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವರ ಕಣ್ಣು ಅಡುಗೆಮನೆಯ ಮೂಲೆಗೆ ಹೋಗಿ, ಹತ್ತು ಹನ್ನೆರಡು ಸೆಕೆಂಡು ಅಲ್ಲೇ ನಿಂತಿತು. ಅಲ್ಲಿ ಬಟ್ಟೆ ಕಟ್ಟಿದ ಭರಣಿ ಇತ್ತು, ಅದರ ಪಕ್ಕ ರೊಟ್ಟಿ ಬಡಿಯುವ ಕೊಣಮಿಗೆ ಇತ್ತು, ಅದರ ಎದುರು ತಾವು ಗಡಿಯಾರ ಹಿಡಿದು ಕೂತ ಜಾಗ ಇತ್ತು.

"ನೀಲಾ," ಎಂದರು. "ಉಪ್ಪಿನಕಾಯಿಗೆ ಬೂಷ್ಟು ಬಂದೈತಿ. ನೀ ಹಾಕಿಟ್ಟದ್ದು, ಕಡೀ ಭರಣಿ. ನೀ ಇದ್ದಾಗ ಎಂದೂ ಬಂದಿದ್ದಿಲ್ಲ. ನಾ ಹಸೀ ಚಮಚೆ ಹಾಕೀನೇನೋ, ಮುಚ್ಚಳ ಸಡ್ಲ ಬಿಟ್ಟೀನೇನೋ, ತಿಳೀವಲ್ದು. ಚೆಲ್ಲಾಕ ಮನಸು ಬರವಲ್ದು. ತಿನ್ನಾಕೂ ಬರೂದಿಲ್ಲ. ನಿನ್ನೆಲಿಂದ ನೋಡಿ ನೋಡಿ ಮುಚ್ಚಿಡಾಕತ್ತೀನಿ. ರೊಟ್ಟಿ ಈಗ ದುಂಡಗ ಬರ್ತಾವ, ಒಂದು ಬದಿ ಕರಕಾಗ್ತತಿ ಅಷ್ಟ. ಬಾಜೂ ಮನಿ ಬೆಕ್ಕು ನಿನ್ನ ಹುಡಿಕ್ಯಾಡ್ಕೋತ ಬರ್ತತಿ. ಅದಕ್ಕ ಏನ್ ಹೇಳ್ಬೇಕು ನನಗ ತಿಳೀಲಿಲ್ಲ, ಹಾಲು ಹಾಕಿದೆ. ಈಗ ಅದು ದಿನಾ ಬರ್ತತಿ..."

ಗಡಿಯಾರ ಎಡಗೈಯಲ್ಲೇ ಇತ್ತು, ಅದನ್ನು ನೋಡುವುದು ಮರೆತುಹೋಗಿತ್ತು.

ನರೇಗಲ್ಲಿನಲ್ಲಿ ಗಂಟೆ ಬಡಿದು ಪೆಟ್ಟಿಗೆ ಬಾಯಿ ತೆರೆದದ್ದು ಯಾವಾಗಲೋ. ಶಿವಬಸಪ್ಪನವರು ಹೊಂಬಳ ಎಂಬ ಹೆಸರು ನೋಡಿ, ಈ ಸಲ ತಾವೂ ಬಾಯಿ ಬಿಡಬಾರದು, ಎಷ್ಟು ಹೊತ್ತು ಸುಮ್ಮನಿರುತ್ತಾನೋ ಇರಲಿ ಎಂದು ಕೈ ಕಟ್ಟಿ ಪೆಟ್ಟಿಗೆಯ ಮುಂದೆ ನಿಂತಿದ್ದರು. ಹಾಗೆ ನಿಂತವರು ಬೆಕ್ಕಿನ ಸುದ್ದಿ ಮುಗಿಯುವವರೆಗೂ ನಿಂತೇ ಇದ್ದರು.

"ಎಣ್ಣಿ ಕಡಿಮಿ ಆಗೈತಿ," ಎಂದಿತು ಪೆಟ್ಟಿಗೆ.

ಚನ್ನವೀರಪ್ಪನವರು ಬೆಚ್ಚಿಬಿದ್ದರು.

"ಉಪ್ಪಿನಕಾಯಿ ಮ್ಯಾಲ ಎಣ್ಣಿ ನಿಂತಿರಬೇಕು, ಎರಡು ಬೆರಳು," ಎಂದರು ಶಿವಬಸಪ್ಪನವರು. "ನೀವು ಹೋಳು ತಿಂದ್ರಿ, ಎಣ್ಣಿ ಹಾಕಲಿಲ್ಲ. ಮ್ಯಾಲಿನ ಬೂಷ್ಟು ತಗದು ಒಗೀರಿ. ಒಳಗಿಂದಕ್ಕ ಏನೂ ಆಗಿರೂದಿಲ್ಲ. ನಮ್ಮವ್ವ ಕಲಿಸಿದ ಕೈ ಅದು, ಹಂಗೆಲ್ಲ ಕೆಡೂದಿಲ್ಲ."

"ಅಣ್ಣಾರ, ಎಷ್ಟೊತ್ತಿನಿಂದ ಕೇಳಾಕತ್ತೀರಿ?"

"ಬೂಷ್ಟಿನಿಂದ." ಶಿವಬಸಪ್ಪನವರು ಕಟ್ಟಿದ ಕೈ ಬಿಟ್ಟರು. "ಮೂರು ಸಲ ಗಂಟಿ ಬಾರಿಸಿ ಸುಮ್ನಾದ್ರಿ. ನಾಕನೇ ಸಲಕ್ಕ ಸತ್ತಾಕಿ ಜೋಡಿ ಮಾತಾಡಾಕತ್ತೀರಿ. ಏನ್ ಮನಷ್ಯಾರ್ರಿ ನೀವು?"

ಚನ್ನವೀರಪ್ಪನವರು ಪೋರ್ಟಿನ ನಿದ್ದೆಯ ವಿಷಯವನ್ನು ಹೇಳಲು ನೋಡಿದರು. ಅದನ್ನು ಹೇಳಬೇಕಾದರೆ ವಿದ್ಯುತ್ತಿನ ಕಾನೂನು ಹೇಳಬೇಕು, ಅದಕ್ಕೆ ಮೊದಲು ಗಾಳಿ ಹೇಳಬೇಕು. ಅದನ್ನೆಲ್ಲ ಬಿಟ್ಟರು.

"ನಾಳೆ ಅಕಿ ವರ್ಷದ ಗಣಾರಾಧನಿ ಐತ್ರಿ," ಎಂದರು. "ಬಾಯಿಲೆ ಕರ್ಯಾಕತ್ತೀನಿ. ಅಕಿ ಹಂಗ ಹೇಳಿದ್ಳು. ಬರ್ರಿ."

ಬಹಳ ಹೊತ್ತು ಆ ಕಡೆಯಿಂದ ಏನೂ ಬರಲಿಲ್ಲ. ಮೊದಲಾಗಿದ್ದರೆ ಚನ್ನವೀರಪ್ಪನವರು ಅಷ್ಟರಲ್ಲಿ ಹಿಡಿ ಎತ್ತಿಬಿಡುತ್ತಿದ್ದರು. ಈಗ ಕಾದರು.

"ಶೇಂಗಾ ಎಣ್ಣಿ ಕಾಸಿ ಆರಿಸಿ ತರ್ತೀನಿ," ಎಂದರು ಶಿವಬಸಪ್ಪನವರು. "ನೀವು ಹಸೀದ ಸುರುವಿ ಗಿರುವೀರಿ ಮತ್ತ."

ಮಾರನೆಯ ದಿನ ಪಂಕ್ತಿಯ ಮೊದಲ ಎಲೆಗೆ ತವರಿನವರು ಕೂತರು. ಪದ್ಮಿನಿಯವರಿಗೆ ಅವರ ಪಕ್ಕದ ಎಲೆ ಸಿಕ್ಕಿತು. ಶಿವಬಸಪ್ಪನವರು ಅವರಿಗೆ ಯಾವ ಊರು, ಮಕ್ಕಳೆಷ್ಟು, ದೊಡ್ಡವಳನ್ನು ಎಲ್ಲಿ ಕೊಟ್ಟಿರಿ ಎಂದು ಕೇಳಿದರು. ಪಾಯಸ ಬರುವ ಹೊತ್ತಿಗೆ ಪದ್ಮಿನಿ ಇಪ್ಪತ್ತು ಸೆಕೆಂಡನ್ನು ದಾಟಿ ಬಹಳ ದೂರ ಹೋಗಿದ್ದರು. ಊಟವಾದ ಮೇಲೆ ಅವರು ಪಟದ ಮುಂದೆ ನಿಂತು ಕೈ ಮುಗಿದರು. "ಇದನ್ನ ಇಡೀ ರಾಜ್ಯಕ್ಕೆ ಹಾಕೋಕೆ ಆಗಲ್ಲ, ಹೊಂಬಳ ಅವರೇ," ಎಂದರು. "ಊರಿಗೊಬ್ಬರಾದರೂ ಇಂಥವರು ಬೇಕು."

ಮೆಟ್ಟಿಲಿನ ಮಾತು ಬಂದದ್ದು ಕೈ ತೊಳೆಯುವಾಗ. "ಸೊಟ್ಟ ಇದ್ದದ್ದು ಖರೆ," ಎಂದರು ಶಿವಬಸಪ್ಪನವರು, ಚನ್ನವೀರಪ್ಪನವರ ಕೈಗೆ ನೀರು ಹಾಕುತ್ತ. "ಆದ್ರ ಹೋಳಿಗಿ ಹೆಂಗಿತ್ತಂತ ನೀವು ಇವತ್ತಿನವರೆಗೂ ಹೇಳಿಲ್ಲ."

ಆ ವಾರದ ನಂತರ ದಿನವೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಂಬಳದವರ ಮನೆಯ ಗಂಟೆ ಬಡಿಯತೊಡಗಿತು. ಮೊದಮೊದಲು ಚನ್ನವೀರಪ್ಪನವರು ಅಭ್ಯಾಸಬಲದಿಂದ ಗಡಿಯಾರ ಹಿಡಿದು ಕೂರುತ್ತಿದ್ದರು, ಅಂದಂಗ ಎಂಬ ಮಾತು ಯಾವಾಗ ಬರುತ್ತದೆ ನೋಡೋಣವೆಂದು. ಅರ್ಧ ತಾಸಾದರೂ ಬರುತ್ತಿರಲಿಲ್ಲ. ಒಂದು ದಿನ ಗಡಿಯಾರವನ್ನು ಗೂಡಿನಲ್ಲಿಟ್ಟವರು ಮತ್ತೆ ತೆಗೆಯಲಿಲ್ಲ. ಬೆಕ್ಕು ಬಂದು ಕಾಲ ಬಳಿ ಕೂರುತ್ತಿತ್ತು.

"ಆರಾಮ ಅದೀರೇನ್ರಿ," ಎನ್ನುತ್ತಿತ್ತು ನರೇಗಲ್ಲಿನ ದನಿ. "ಊಟ ಆತೇನ್ರಿ. ಉಪ್ಪಿನಕಾಯಿ ಹೆಂಗೈತ್ರಿ?"

"ಎಣ್ಣಿ ನಿಂತೈತ್ರಿ," ಎನ್ನುತ್ತಿದ್ದರು ಚನ್ನವೀರಪ್ಪನವರು.